ಎರಡು ಸುತ್ತು

ಕೀಲಿ ಮೂರನೆಯ ಸಲ ತಿರುಗಿತು. ಮುಂದಿನ ಫಲಕದ ದೀಪಗಳೆಲ್ಲ ಹೊತ್ತಿದವು. ಗೇರು ನ್ಯೂಟ್ರಲ್‌ನಲ್ಲಿದೆ ಎಂದು ಎನ್ ಅಕ್ಷರ ಹಸಿರಾಗಿ ಮೂಡಿತು. ಅಷ್ಟೇ. ಎಂಜಿನ್ನಿನಿಂದ ಒಂದು ಕೆಮ್ಮೂ ಬರಲಿಲ್ಲ.

"ನೋಡ್ದೇನು ಉಸ್ತಾದ?" ಭಾಗಣ್ಣ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. "ಮುಂಜಾನಿಂದ ಹಿಂಗ ಮಾಡಾಕತ್ತದ. ರಂಗಂಪೇಟಿಯೊಳಗ ಆರ್ ಸಲ ತಿರುವಿದ ಮ್ಯಾಲೆ ಎದ್ದಿತು. ಹಿಂದ ಹದಿನೆಂಟ್ ಮಂದಿ ಹೆಣ್ಮಕ್ಕಳು ಕುಂತು ನಗಾಕತ್ತಿದ್ರು. ಇಳದು ನೂಕ್ತೀವಿ ಬಿಡಪ್ಪ ಅಂತಾರ. ಆಟೋ ಗೇರಿನ ಗಾಡಿ ನೂಕಿದ್ರ ಏಳ್ತದೇನು?"

ಮೆಕ್ಯಾನಿಕ್ ನಸೀರುದ್ದೀನ ಸಣ್ಣ ಲಾರಿಯ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ಯಾಟರಿಯ ಮುಚ್ಚಳ ತೆಗೆದಿದ್ದ. ತಂತಿಯ ತುದಿಗಳಲ್ಲಿ ಬೆಳ್ಳಗೆ ಬೂಷ್ಟು ಕಟ್ಟಿತ್ತು. ಬಿಸಿನೀರು ಸುರಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಶಹಾಪುರದಿಂದ ಸುರಪುರದ ಕಡೆ ಹೊರಡುವ ರಸ್ತೆಯಲ್ಲಿ, ಮುಚ್ಚಿಹೋದ ಅರಳೆ ಗಿರಣಿಯ ಕಂಪೌಂಡಿಗೆ ಒತ್ತಿಕೊಂಡಂತೆ ಅವನ ತಗಡಿನ ಶೆಡ್ಡು. ಡಿಸೆಂಬರಿನ ಬಿಸಿಲು ಗೋಡೆಗೆ ಬಡಿದು ಒಳಗೆ ಬರುತ್ತಿತ್ತು. ರಸ್ತೆಯಲ್ಲಿ ಹತ್ತಿ ಅಂಡಿಗೆಗಳ ಟ್ರ್ಯಾಕ್ಟರು ಹೋದಾಗಲೆಲ್ಲ ಒಂದಿಷ್ಟು ಬಿಳಿಯ ಎಳೆ ಗಾಳಿಯಲ್ಲಿ ತೇಲಿಬಂದು ಎಣ್ಣೆ ಜಿಡ್ಡಿನ ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

"ಈಗ ತಿರುವು."

ಭಾಗಣ್ಣ ತಿರುವಿದ. ದೀಪ ಹತ್ತಿದವು. ಎಂಜಿನ್ನು ಸುಮ್ಮನಿತ್ತು.

"ಇಳಿ ಕೆಳಗ," ಎಂದ ನಸೀರುದ್ದೀನ.

ಭಾಗಣ್ಣ ಬಾಗಿಲು ತೆರೆದು, ಮಡಚದ ಎಡಗಾಲನ್ನು ಮೊದಲು ಹೊರಗೆ ಚಾಚಿ, ಬಾಗಿಲ ಹಿಡಿಕೆಗೆ ಜೋತುಬಿದ್ದು ಇಳಿದ. ಕೆಳಗೆ ಬಿಟ್ಟಿದ್ದ ಚಪ್ಪಲಿಗಳನ್ನು ಮೆಟ್ಟಿಕೊಂಡ. ಗಾಡಿ ಹತ್ತುವಾಗ ಚಪ್ಪಲಿ ಕಳಚುವುದು ಅವನು ಮೊದಲ ಸಲ ಲಾರಿ ಹತ್ತಿದ ದಿನದಿಂದ ಬಂದ ರೂಢಿ. ಅನ್ನ ಕೊಡುವ ಜಾಗ ಎನ್ನುತ್ತಿದ್ದ. ಬರಿಗಾಲಿಗೆ ಪೆಡಲಿನ ಅಂದಾಜು ಚೆನ್ನಾಗಿ ಸಿಗುತ್ತದೆ ಎಂದೂ ಎನ್ನುತ್ತಿದ್ದ. ನಸೀರುದ್ದೀನನೂ ತನ್ನ ಚಪ್ಪಲಿ ಕಳಚಿ ಹತ್ತಿ ಕೂತ. ಬ್ರೇಕ್ ತುಳಿದು ಕೀಲಿ ತಿರುವಿದ. ಎಂಜಿನ್ನು ಒಂದೇ ಏಟಿಗೆ ಎದ್ದಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಬೂಷ್ಟು ಇತ್ತು ನೋಡು," ಎಂದ ನಸೀರುದ್ದೀನ. ಬಂದ್ ಮಾಡಿ ಇಳಿದ. "ಹತ್ತು. ಈಗ ನೀ ನೋಡು."

ಭಾಗಣ್ಣ ಹತ್ತಿ ತಿರುವಿದ. ಏಳಲಿಲ್ಲ.

ಎದುರು ಚಹಾದ ಅಂಗಡಿಯ ಮೆಹಬೂಬ ಗ್ಲಾಸು ತೊಳೆಯುತ್ತ ಎಲ್ಲ ನೋಡುತ್ತಿದ್ದ. "ಭಾಗಣ್ಣ ಮಾವ, ಗಾಡಿಗಿ ನಿನ್ ಮಾರಿ ನೋಡಿ ಬ್ಯಾಸರಾಗ್ಯದ! ಉಸ್ತಾದಗ ಕೊಟ್ಟು ಮನಿಗಿ ಹೋಗು," ಎಂದು ಅಲ್ಲಿಂದಲೇ ಕೂಗಿದ.

"ನಿನ್ ಚಹಾ ಕುಡದ ಮ್ಯಾಲೆ ಮನಿಷಾನ ಏಳಾಂಗಿಲ್ಲ, ಗಾಡಿ ಏನ್ ಎದ್ದೀತಲೇ!" ಭಾಗಣ್ಣನೂ ಕೂಗಿದ. ನಕ್ಕ. ಆದರೆ ಕೀಲಿಯ ಮೇಲಿನ ಬೆರಳು ಬಿಟ್ಟಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಭಾಗಣ್ಣ ಹತ್ತು ಗಾಲಿಯ ಲಾರಿ ಹೊಡೆಯುತ್ತಿದ್ದ. ರಾಯಚೂರಿನ ಆಚೆ ರಸ್ತೆ ಬದಿಯಲ್ಲಿ ಟೈರು ಬಿಚ್ಚುವಾಗ ಜಾಕು ಜಾರಿ ಲಾರಿ ಎಡ ಮೊಣಕಾಲಿನ ಮೇಲೆ ಕೂತಿತು. ಕಾಲು ಉಳಿಯಿತು, ಮಡಚುವುದು ಉಳಿಯಲಿಲ್ಲ. ಕ್ಲಚ್ ತುಳಿಯಲಾಗದ ಡ್ರೈವರನನ್ನು ಯಾರು ಕರೆಯುತ್ತಾರೆ? ನಾಲ್ಕು ವರ್ಷ ರಂಗಂಪೇಟೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಕಲ್ಪನಾ ಬೇರೆಯವರ ಗಾಡಿಯಲ್ಲಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಆ ಗಾಡಿ ಓಣಿಯ ತಿರುವು ದಾಟುವ ಸದ್ದು ಕೇಳಿ ಭಾಗಣ್ಣ, "ಮೂರನೇ ಗೇರು ಹಾಕಬೇಕಿತ್ತು, ಎಳ್ಯಾಕತ್ತಾನ," ಎಂದು ಗೋಡೆಗೆ ಹೇಳುತ್ತಿದ್ದ. ಒಂದು ದಿನ ಅದನ್ನು ಕೇಳಿಸಿಕೊಂಡ ನಸೀರುದ್ದೀನ, ಕಲಬುರಗಿಯೆಲ್ಲ ತಿರುಗಿ, ಕ್ಲಚ್ಚೇ ಇಲ್ಲದ ಈ ಆಟೋ ಗೇರಿನ ಸಣ್ಣ ಲಾರಿಯನ್ನು ಹುಡುಕಿಸಿ ತರಿಸಿದ್ದ. "ಎಡಗಾಲಿಗಿ ಇದ್ರಾಗ ಕೆಲಸೇ ಇಲ್ಲ. ನ್ಯೂಟ್ರಲ್ಲಿನ್ಯಾಗ ಇಟ್ಟು ಬ್ರೇಕ್ ಒತ್ತಿ ಕೀಲಿ ತಿರುವಿದ್ರ ಏಳ್ತದ. ಬ್ರೇಕ್ ಒತ್ತಿ ರಾಡ್ ಜಗ್ಗಿದ್ರ ಗೇರಿಗಿ ಬೀಳ್ತದ. ಬಲಗಾಲು ಒಂದಿದ್ರ ಸಾಕು," ಎಂದು ಕೂರಿಸಿದ್ದ. ಭಾಗಣ್ಣ ಗಿರಣಿಯ ಬಯಲಿನಲ್ಲಿ ಏಳು ಸುತ್ತು ಹೊಡೆದ. ಎಂಟನೆಯದಕ್ಕೆ ನಡುವೆಯೇ ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಹಚ್ಚಿ ಬಹಳ ಹೊತ್ತು ಕೂತುಬಿಟ್ಟಿದ್ದ.

ಅಂದಿನಿಂದ ಐದು ವರ್ಷವಾಯಿತು. ಹೊಲದ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಓಣಿಯ ಹೆಣ್ಣುಮಕ್ಕಳನ್ನು ಕಕ್ಕೇರಾದ ಕಡೆಯ ಹೊಲಗಳಿಗೆ ಬಿಡುವುದು, ಸಂಜೆ ಐದಕ್ಕೆ ಕರೆತರುವುದು. ಕಲ್ಪನಾ ಈಗ ಗಂಡನ ಗಾಡಿಯಲ್ಲಿಯೇ ಹೋಗುತ್ತಿದ್ದಳು.

ನಸೀರುದ್ದೀನ ಗೇರ್ ರಾಡಿನ ಬುಡದ ಹೊದಿಕೆ ಬಿಚ್ಚಿ ಒಳಗೆ ಕಣ್ಣು ಹಾಯಿಸಿದ. ನ್ಯೂಟ್ರಲ್ಲಿನಲ್ಲಿ ಸರಿಯಾಗಿಯೇ ಕೂರುತ್ತಿತ್ತು. ಸ್ಟಾರ್ಟರಿಗೆ ಹೋಗುವ ತಂತಿ ನೋಡಿದ. ಉಳಿದದ್ದು ಬ್ರೇಕ್ ಪೆಡಲಿನ ಮೇಲ್ಗಡೆ ಕೂತ ಬೆರಳುದ್ದದ ಸ್ವಿಚ್ಚು. ಪೆಡಲು ಒತ್ತಿದಾಗ ಗಾಡಿಯ ಹಿಂದಿನ ಕೆಂಪು ದೀಪ ಹೊತ್ತಿಸುವುದು ಅದೇ, ಬ್ರೇಕ್ ಒತ್ತಿದ್ದಾರೆ ಎಂದು ಎಂಜಿನ್ನಿಗೆ ತಿಳಿಸುವುದೂ ಅದೇ. ಅದರ ಮುಖ ನೋಡಿದ ಕೂಡಲೇ ನಸೀರುದ್ದೀನನಿಗೆ ನೆನಪಾಯಿತು. ಮೂರು ವಾರದ ಹಿಂದೆ ಭಾಗಣ್ಣ ಇದೇ ದೂರು ಹೇಳಿಕೊಂಡು ಬಂದಿದ್ದ. ಆಗ ಶುಕ್ರವಾರ, ನಮಾಜಿನ ಹೊತ್ತು. ಆತುರದಲ್ಲಿ ಸ್ವಿಚ್ಚನ್ನು ಎರಡು ಸುತ್ತು ಸಡಿಲಿಸಿ, ಕಾಲು ತಾಗಿದರೆ ಸಾಕು ಎನ್ನುವಂತೆ ಮಾಡಿ ಕಳಿಸಿದ್ದ. ಮೂರು ವಾರ ನಡೆದಿತ್ತು.

"ಸ್ವಿಚ್ ಸತ್ತದ," ಎಂದ. ಅದರ ಎರಡು ವೈರುಗಳನ್ನು ಕಿತ್ತು, ಒಂದು ತುಂಡು ತಂತಿಯಿಂದ ಒಂದಕ್ಕೊಂದು ಕೂಡಿಸಿದ. "ಈಗ ಬ್ರೇಕ್ ಒತ್ತಬ್ಯಾಡ. ಸುಮ್ನ ತಿರುವು."

ಎಂಜಿನ್ನು ಎದ್ದಿತು. ಭಾಗಣ್ಣ ರಾಡ್ ಜಗ್ಗಿದ. ಡಿ ಅಕ್ಷರ ಮೂಡಿತು. ಅವನ ಮುಖ ಅರಳಿತು.

"ಹಂಗೇ ಇರ್ಲಿ ಬಿಡು ಉಸ್ತಾದ! ಟೇಪ್ ಸುತ್ತು ಅದಕ್ಕ. ಸ್ವಿಚ್ ಗಿಚ್ಚ್ ಏನೂ ಬ್ಯಾಡ."

"ಹಿಂದ ಕೆಂಪ್ ಲೈಟ್ ಹತ್ತೇ ಇರ್ತದ. ಹಿಂದಿನವ್ರಿಗಿ ಇಂವ ಬ್ರೇಕ್ ಹಿಡದಾನ ಅಂತ ಸುಳ್ಳು ಹೇಳ್ಕೋತ ಹೋಗ್ತದ ನಿನ್ ಗಾಡಿ."

"ಹೇಳ್ಲಿ ಬಿಡು. ಖರೇ ಹೇಳೋ ಗಾಡಿ ಯಾವೂರಾಗದ?"

"ಹೊಸಾ ಸ್ವಿಚ್ ಅದ ನನ್ನ ಹತ್ರ. ಅರ್ಧಾ ತಾಸಿನ ಕೆಲಸ. ಚಹಾ ಕುಡದು ಬಾ."

ಭಾಗಣ್ಣ ಇಳಿದು, ಚಪ್ಪಲಿ ಮೆಟ್ಟಿ, ಎಡಗಾಲು ಎಳೆಯುತ್ತ ರಸ್ತೆ ದಾಟಿದ. ಅಂಗಡಿಯ ಕಲ್ಲಿನ ಮೇಲೆ ಕೂತ ಮೇಲೆ ಮೆಹಬೂಬನ ನಗು ಕೇಳಿಸಿತು. "ಮಾವ, ಬಲಗಾಲಿನ ಚಪ್ಲಿ ರೋಡಿಗಿ ದಾನ ಮಾಡಿದೇನು?"

ನಿಜ. ಬಲಗಾಲಿನ ಚಪ್ಪಲಿ ರಸ್ತೆಯ ನಡುವೆ ಮಗುಚಿ ಬಿದ್ದಿತ್ತು. ಭಾಗಣ್ಣ ತನ್ನ ಪಾದ ನೋಡಿಕೊಂಡ. ಒಂದು ಗಳಿಗೆ ಅದು ಯಾರದೋ ಎಂಬಂತೆ ನೋಡಿದ. ಆಮೇಲೆ ನಕ್ಕ. "ಹಳೀ ಚಪ್ಲಿ. ಹಿಡಿತ ಇಲ್ಲ ಅದಕ್ಕ. ಸಕ್ರಿ ಜಾಸ್ತಿ ಹಾಕಲೇ, ನಿನ್ ಮಾತು ಕಹಿ ಅದ."

"ನಿನಗ ಶುಗರ್ ಅದ ಅಂತ ಕಲ್ಪನಕ್ಕ ಬೈತಾಳ ನನಗ."

"ಅಕಿ ಕಕ್ಕೇರಾದಾಗ ಇದ್ದಾಳ. ಹಾಕು."

ನಸೀರುದ್ದೀನನೂ ಶೆಡ್ಡಿನಿಂದಲೇ ನಕ್ಕ.

ಹೊಸ ಸ್ವಿಚ್ಚನ್ನು ಕೂರಿಸಿ ಸರಿಯಾದ ಅಳತೆಗೆ ಬಿಗಿಯುತ್ತಿದ್ದಾಗ ಸೀಟಿನ ಮೇಲಿದ್ದ ಭಾಗಣ್ಣನ ಫೋನು ಬಡಿದುಕೊಂಡಿತು. ನಸೀರುದ್ದೀನ ಮುಂಗೈಯಿಂದ ಎತ್ತಿ ಕಿವಿಗಿಟ್ಟುಕೊಂಡ.

"ನಸೀರಣ್ಣನೇನ್ರಿ? ನೀವ್ ತಗೊಂಡದ್ದು ಛಲೋ ಆತು." ಕಲ್ಪನಾಳ ದನಿಯ ಹಿಂದೆ ಹೆಂಗಸರ ಮಾತು, ಬುತ್ತಿಯ ಡಬ್ಬಿಗಳ ಸದ್ದು ಇತ್ತು. "ಅವ್ರ ಅಲ್ಲೇ ಬಾಜೂಕ ಇದ್ದಾರೇನ್ರಿ?"

"ಇಲ್ಲ ತಂಗಿ. ಚಹಾಕ್ಕ ಹೋಗ್ಯಾನ."

"ಅಣ್ಣಾ, ಬ್ರೇಕ್ ನೋಡ್ರಿ. ಮುಂಜಾನಿ ಕಾಲುವಿ ಏರಿ ಮ್ಯಾಲೆ ಗಾಡಿ ನಿಲ್ಲಲೇ ಇಲ್ರಿ. ಮುಂದ ಎತ್ತಿನ ಬಂಡಿ ಇತ್ತು. ಇವ್ರು ಗಾಡಿ ಹೊಲಕ್ಕ ಇಳಿಸಿಬಿಟ್ರು. ಬದುವಿಗಿ ಬಡದು ನಿಂತಿತು. ಹಿಂದ ನಾವೆಲ್ಲ ಒಬ್ಬಾಕಿ ಮ್ಯಾಲೊಬ್ಬಾಕಿ ಬಿದ್ವಿ. ಸುಂದ್ರಮ್ಮನ ಹಣಿ ಒಡದದ, ಅರಶಿಣ ಮೆತ್ತಿ ಕುಂಡ್ರಿಸೀವಿ. ಎತ್ತು ಅಡ್ಡ ಬಂತು ಅಂತ ಇವ್ರು ಹೇಳ್ತಾರ. ಎತ್ತು ಎಲ್ಲಿ ಅಡ್ಡ ಬಂದಿತ್ರಿ? ಅದು ತನ್ ದಾರಿ ಹಿಡದು ಹೊಂಟಿತ್ತು. ನಾ ಹೇಳೀನಿ ಅಂತ ಹೇಳಬ್ಯಾಡ್ರಿ."

"ಇಲ್ಲ ಹೇಳಾಂಗಿಲ್ಲ."

ಫೋನಿಟ್ಟು ನಸೀರುದ್ದೀನ ಲಾರಿಯ ಮುಂದೆ ಬಂದು ನಿಂತ. ಬಂಪರಿನ ಎಡ ಮೂಲೆ ಒಳಕ್ಕೆ ಹೋಗಿತ್ತು. ಸಂದಿಯಲ್ಲಿ ಕರಿಮಣ್ಣಿನ ಹೆಂಟೆಯೊಂದು ಇನ್ನೂ ಹಸಿಯಾಗಿಯೇ ಸಿಕ್ಕಿಕೊಂಡಿತ್ತು. ಭಾಗಣ್ಣ ಬಂದಾಗಿನಿಂದ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಬ್ರೇಕ್ ಆಯಿಲ್ ನೋಡಿದ, ತುಂಬಿತ್ತು. ಗಾಲಿಗಳ ಹಿಂದೆ ಕೈ ಹಾಕಿ ನೋಡಿದ, ಎಲ್ಲಿಯೂ ಸೋರಿರಲಿಲ್ಲ. ತಾನೇ ಹತ್ತಿ ಗಿರಣಿಯ ಬಯಲಿಗೆ ಒಯ್ದು, ವೇಗ ಹಿಡಿದು, ಒಮ್ಮೆಲೇ ತುಳಿದ. ಲಾರಿ ನೆಲ ಕಚ್ಚಿಕೊಂಡು ನಿಂತಿತು. ಇನ್ನೊಂದು ಸಲ, ಮತ್ತೊಂದು ಸಲ. ಎಲ್ಲ ಸಲವೂ ನಿಂತಿತು. ನಾಲ್ಕೂ ಗಾಲಿಯ ಗುರುತು ಮಣ್ಣಿನಲ್ಲಿ ಸಮನಾಗಿ ಬಿದ್ದಿತ್ತು.

ವಾಪಸು ತಂದು ನಿಲ್ಲಿಸುವಷ್ಟರಲ್ಲಿ ಭಾಗಣ್ಣ ಬಂದಿದ್ದ. "ಎದ್ದಿತೇನು? ನೋಡ್ದೇನು, ಸ್ವಿಚ್ಚೇ!" ಎಂದು ಹತ್ತಿ ಕೂತು ಬಂದ್ ಮಾಡಿ ಮತ್ತೆ ತಿರುವಿದ.

ದೀಪ ಹತ್ತಿದವು. ಎಂಜಿನ್ನು ಸುಮ್ಮನಿತ್ತು.

ನಸೀರುದ್ದೀನ ಒಂದು ಗೋಣಿಚೀಲ ಎತ್ತಿಕೊಂಡು ಗಾಡಿಯ ಹಿಂದಕ್ಕೆ ಹೋದ. ಬಿಸಿಲಿಗೆ ದೀಪ ಕಾಣುವುದಿಲ್ಲವೆಂದು ಚೀಲವನ್ನು ತಲೆಯ ಮೇಲೆ ಹೊದ್ದು ಕೆಂಪು ಗಾಜಿನ ಎದುರು ಕೂತ.

"ಬ್ರೇಕ್ ಒತ್ತು."

"ಒತ್ತೀನಿ."

ಗಾಜು ಕಪ್ಪಾಗಿಯೇ ಇತ್ತು.

"ಜೋರ್ ಒತ್ತು."

"ಇನ್ನೆಷ್ಟ್ ಒತ್ಲೋ ಮಾರಾಯಾ? ಪೆಡಲ್ ಕಿತ್ತು ಕೈಗಿ ಬರ್ತದ ಈಗ!"

ಗಾಜು ಕಪ್ಪಾಗಿಯೇ ಇತ್ತು. ನಸೀರುದ್ದೀನ ಚೀಲ ಕೆಳಗಿಟ್ಟು ಸದ್ದಾಗದಂತೆ ಗಾಡಿಯ ಬಲಕ್ಕೆ ಬಂದು ತೆರೆದ ಬಾಗಿಲ ಹತ್ತಿರ ನಿಂತ.

ಭಾಗಣ್ಣ ಹಲ್ಲು ಕಚ್ಚಿದ್ದ. ಕುತ್ತಿಗೆಯ ನರ ಉಬ್ಬಿದ್ದವು. ಸೊಂಟದಿಂದ ಮೊಣಕಾಲಿನ ತನಕ ಬಲಗಾಲು ಬಿಗಿದು ಕಲ್ಲಾಗಿತ್ತು. ಅದರ ಕೆಳಗೆ, ಹಿಮ್ಮಡಿ ನೆಲದ ರಬ್ಬರಿಗೆ ಊರಿಕೊಂಡು, ಬೆರಳುಗಳು ಪೆಡಲಿನ ಅಂಚನ್ನು ಬರೀ ತಾಗಿಕೊಂಡು, ಪಾದ ಸುಮ್ಮನೆ ಒರಗಿತ್ತು. ಅಂಗಾಲು ಪೆಡಲಿನ ಮೇಲೆ ಇರಲೇ ಇಲ್ಲ.

"ಒತ್ತೀಯೇನು?" ನಸೀರುದ್ದೀನ ಮೆಲ್ಲಗೆ ಕೇಳಿದ.

"ಒತ್ತೀನಲ್ಲಪ್ಪ! ಎಷ್ಟ್ ಸಲ ಕೇಳ್ತಿ?"

ಭಾಗಣ್ಣನ ಕಣ್ಣು ಎದುರಿನ ಗಾಜಿನ ಮೇಲೆಯೇ ಇತ್ತು. ಇಪ್ಪತ್ತೇಳು ವರ್ಷ ಗಾಡಿಗಳ ಜೊತೆ ಕಳೆದವನು ಕೆಳಗೆ ಬಾಗಿ ಬ್ರೇಕ್ ಎಲ್ಲಿದೆಯೆಂದು ಯಾಕೆ ನೋಡುತ್ತಾನೆ?

"ಸಾಕು. ಈ ಕಡಿ ತಿರುಗಿ ಕುಂಡ್ರು. ಕಾಲು ಹೊರಗ ಹಾಕು."

"ಯಾಕ?"

"ಹಾಕು ಅಂದೆ."

ಭಾಗಣ್ಣ ಪಕ್ಕಕ್ಕೆ ತಿರುಗಿ ಬಲಗಾಲನ್ನು ಹೊರಗೆ ಇಳಿಬಿಟ್ಟ. ನಸೀರುದ್ದೀನ ಕೆಳಗೆ ಕೂತು ಆ ಪಾದವನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡ. ಹೆಬ್ಬೆರಳಿನ ಬುಡದಲ್ಲಿ ಕಾಯಿಸಿದ ತಗಡು ತಾಗಿದಂಥ ಗುಳ್ಳೆ ಒಡೆದು ಒಣಗಿತ್ತು. ಹಿಮ್ಮಡಿಯಲ್ಲಿ ಜಾಲಿಯ ಮುಳ್ಳೊಂದು ಮುರಿದು ಒಳಗೆ ಉಳಿದಿತ್ತು, ಸುತ್ತ ಕಪ್ಪಾಗಿತ್ತು.

"ಇದು ಯಾವಾಗ ಸುಟ್ಟದ್ದು?"

ಭಾಗಣ್ಣ ಬಗ್ಗಿ ನೋಡಿದ. "ಎಲ್ಲಿ? ... ಎಂಜಿನ್ ಶಾಖಕ್ಕ ನೆಲ ಕಾಯ್ತದಲ್ಲ, ಅದಕ್ಕ ಇರಬೇಕು."

"ಕಣ್ಣು ಮುಚ್ಚು."

"ಏನ್ ಆಟಾ ಹಚ್ಚೀಯೋ ಉಸ್ತಾದ, ಹೆಣ್ಮಕ್ಕಳು ಐದಕ್ಕ..."

"ಮುಚ್ಚು. ನಾ ಪಾನಾ ಇಡ್ತೀನಿ. ಯಾವ ಬೆರಳಿಗಿ ಇಟ್ಟೆ ಹೇಳು."

ಭಾಗಣ್ಣ ನಗುತ್ತ ಕಣ್ಣು ಮುಚ್ಚಿದ. ನಸೀರುದ್ದೀನ ನೀರಿನ ಬಕೆಟ್ಟಿನಲ್ಲಿ ಬಿದ್ದಿದ್ದ ನಟ್ಟು ಬಿಗಿಯುವ ಪಾನಾ ಎತ್ತಿ, ತಣ್ಣಗಿದ್ದ ಅದರ ಬಾಯಿಯನ್ನು ಹೆಬ್ಬೆರಳಿಗೆ ಹಚ್ಚಿದ. ಒತ್ತಿದ. ಅಲ್ಲಿಂದ ಅಂಗಾಲಿಗೆ ಎಳೆದ. ಕಪ್ಪಾದ ಹಿಮ್ಮಡಿಗೆ ಎಳೆದ. ಪಾನಾದಿಂದ ನೀರು ಇಳಿದು ಪಾದದ ಗಂಟಿನ ತನಕ ಹರಿಯಿತು.

ಎದುರು ಮೆಹಬೂಬನ ಸ್ಟೋವು ಬುಸುಗುಡುತ್ತಿತ್ತು. ಭಾಗಣ್ಣನ ಮುಖದ ಮೇಲೆ ನಗು ಹಾಗೆಯೇ ಇತ್ತು. ಕಾಯುತ್ತಿದ್ದ.

"ಇಡೋ ಲಗೂನ," ಎಂದ. "ಎಷ್ಟೊತ್ತು ಮುಚ್ಚಲಿ?"

ನಸೀರುದ್ದೀನ ಪಾನಾ ತೆಗೆಯಲಿಲ್ಲ. ಭಾಗಣ್ಣ ಕಣ್ಣು ಬಿಟ್ಟ. ತನ್ನ ಅಂಗಾಲಿಗೆ ಒತ್ತಿಕೊಂಡಿದ್ದ ಕಬ್ಬಿಣವನ್ನು ನೋಡಿದ. ಅದನ್ನು ಹಿಡಿದ ಕೈ ನೋಡಿದ.

"ಯಾವಾಗಿಟ್ಟಿ?"

ನಸೀರುದ್ದೀನ ಪಾನಾವನ್ನು ಅಂಗಾಲಿನಿಂದ ತೆಗೆದ.

"ಯಾವಾಗಿಟ್ಟಿಯಲೇ?"

"ನೀ ಕಣ್ಣು ಮುಚ್ಚಿದ ಕೂಡ್ಲೇ."

ಭಾಗಣ್ಣ ಕಾಲನ್ನು ಎಳೆದುಕೊಂಡ. ಮುಖದಲ್ಲಿ ಸಿಟ್ಟು ಬಂದಿತ್ತು. "ಜೋಮು ಹಿಡದದ. ಮುಂಜಾನಿಂದ ಕುಂತು ಕುಂತು. ಎಲ್ಲರಿಗೂ ಹಿಡೀತದ. ನೀ ಮೆಕ್ಯಾನಿಕ್ ಇದ್ದಿ, ಡಾಕ್ಟರ್ ಅಲ್ಲ. ಆ ಎರಡ್ ವೈರ್ ಕೂಡ್ಸಿಬಿಡು. ನಾ ಹೋಗ್ತೀನಿ."

"ಭಾಗಣ್ಣ..."

"ಕೂಡ್ಸು ಅಂದೆ. ನನ್ ಗಾಡಿ ಅದು."

"ಕೂಡ್ಸಿದ್ರ ಏಳ್ತದ. ನಿಲ್ಸಾಕ ಏನ್ ಮಾಡ್ತಿ?" ನಸೀರುದ್ದೀನ ನೆಲದಲ್ಲೇ ಕೂತಿದ್ದ. ಪಾನಾವನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ. "ಮೂರ್ ವಾರದ ಹಿಂದ ನೀ ಬಂದಾಗೇ ನಾ ನೋಡಬೇಕಿತ್ತು. ನನ್ನ ಕಾಲಿಗಿ ಎದ್ದ ಗಾಡಿ ನಿನ್ನ ಕಾಲಿಗಿ ಯಾಕ ಏಳವಲ್ದು ಅಂತ ಒಮ್ಮಿಗಿ ಕೇಳಬೇಕಿತ್ತು. ಕೇಳ್ಲಿಲ್ಲ. ಎರಡ್ ಸುತ್ತು ಸಡ್ಲ ಮಾಡಿ, ತಾಗಿದ್ರ ಸಾಕು ಅನ್ನಂಗ ಮಾಡಿ ಕಳಿಸ್ದೆ. ಗಾಡಿ ಅಂದೇ ಹೇಳ್ತು, ನಾ ಅದರ ಬಾಯಿ ಮುಚ್ಚಿಸ್ದೆ. ಮೂರ್ ವಾರ ಆ ಹೆಣ್ಮಕ್ಕಳನ್ನ ಹಾಕ್ಕೊಂಡು ನೀ ಹೋದಿ, ಬಂದಿ. ಅದು ನನ್ನ ಕೊರಳಿಗಿ ಅದ."

"ಏನಾಗ್ಯದ ಈಗ? ಯಾರ್ ಸತ್ತಾರ?"

"ಬಂಪರಿನ್ಯಾಗ ಹೊಲದ ಮಣ್ಣದ."

"ಎತ್ತು ಅಡ್ಡ..." ಎಂದ ಭಾಗಣ್ಣ.

ಅವನು ಎಡಗೈಯಿಂದ ಬಲಗಾಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. ಹೆಬ್ಬೆರಳು ಹಿಂಡಿದ. ಉಗುರಿನಿಂದ ಚಿವುಟಿದ. ಹಿಮ್ಮಡಿಯ ಮುಳ್ಳಿನ ತುದಿ ಹಿಡಿದು ಎಳೆದ. ಅದು ಬಂತು. ಹಿಂದೆಯೇ ಒಂದು ಹನಿ ಕೀವೂ ರಕ್ತವೂ ಬಂತು. ಮುಳ್ಳನ್ನು ಬಿಸಿಲಿಗೆ ಹಿಡಿದು ನೋಡಿದ. ಅರ್ಧ ಬೆರಳಿನಷ್ಟು ಉದ್ದವಿತ್ತು.

"ಎಷ್ಟ್ ದಿನ ಆಗಿರಬೇಕು ಇದು ಒಳಗ?"

"ಗೊತ್ತಿಲ್ಲ."

"ಹತ್ತಿ ಮ್ಯಾಲೆ ನಡದಂಗ ಆಗ್ತಿತ್ತು. ದೀಪಾವಳಿ ಆದಾಗಿಂದ. ಮೆತ್ತಗ. ಇದ್ರಾಗೇನ್ ಕೆಟ್ಟದ್ದು ಅಂದ್ಕೊಂಡೆ." ಭಾಗಣ್ಣ ಮುಳ್ಳನ್ನು ಫಲಕದ ಮೇಲಿಟ್ಟ, ಕಳೆದುಹೋಗಬಾರದ ವಸ್ತು ಎಂಬಂತೆ. "ಎಡಗಾಲು ಹೋದಾಗ ಕೂಗಾಡಿದ್ದೆ ಉಸ್ತಾದ. ಆ ಲಾರಿ ಕೆಳಗ ಬಿದ್ದು ಊರ್ ಕೇಳ್ವಂಗ ಕೂಗಿದ್ದೆ. ಇದು ನೋವೂ ಮಾಡ್ಲಿಲ್ಲಲ್ಲೋ."

ನಸೀರುದ್ದೀನ ಎದ್ದು ಶೆಡ್ಡಿನ ಒಳಗೆ ಹೋದ. ಏನನ್ನೋ ಹುಡುಕುವವನಂತೆ ಡಬ್ಬಿಗಳನ್ನು ಸರಿಸಿದ. ಅವನಿಗೆ ಏನೂ ಬೇಕಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ತೊಳೆದ ಬಟ್ಟೆಯ ತುಂಡು ಸಿಕ್ಕಿತು. ತಂದು, ಬಗ್ಗಿ, ಆ ಪಾದಕ್ಕೆ ಸುತ್ತಿದ. ಎಷ್ಟು ಬಿಗಿಯಬೇಕೆಂದು ಕೇಳುವ ಹಾಗಿರಲಿಲ್ಲ. ತನಗೆ ತಿಳಿದಷ್ಟು ಬಿಗಿದು ಗಂಟು ಹಾಕಿದ.

"ನಾಳಿ ಮುಂಜಾನಿ ಯಾದಗಿರಿ ದವಾಖಾನಿಗಿ ಹೋಗಮು. ನಾ ಬರ್ತೀನಿ."

"ಹೋಗಿ?"

"ತೋರಿಸಮು."

"ಹೊಳ್ಳಿ ಬರ್ತದೇನು?"

ನಸೀರುದ್ದೀನ ಗಾಡಿಯ ಯಾವ ಕೇಡಿಗೂ ತೊದಲಿದವನಲ್ಲ. "ಗಾಯ ಮಾಯ್ತದ," ಎಂದಷ್ಟೇ ಹೇಳಿದ.

ಭಾಗಣ್ಣ ಸ್ಟಿಯರಿಂಗಿನ ಸುತ್ತ ಒಂದು ಸಲ ಕೈ ಆಡಿಸಿದ. ಅದರ ಮೇಲೆ ಕಲ್ಪನಾ ಹೊಲಿದು ಹಾಕಿದ್ದ ಹಸಿರು ಬಟ್ಟೆಯ ಹೊದಿಕೆ ಅವನ ಕೈ ಹಿಡಿಯುವ ಎರಡು ಕಡೆ ಮಾತ್ರ ಸವೆದು ಬಿಳುಪಾಗಿತ್ತು. ಗೋಡೆಯ ನೆರಳು ಲಾರಿಯ ಅರ್ಧದ ತನಕ ಬಂದಿತ್ತು.

"ಮೂರೂವರಿ ಆಗಿರಬೇಕು," ಎಂದ. "ಐದಕ್ಕ ಹೆಣ್ಮಕ್ಕಳು ದಾರಿ ಮ್ಯಾಲೆ ಬಂದು ಕುಂಡ್ರತಾರ."

ಹಾಗೆಂದು ಇಳಿದ. ಚಪ್ಪಲಿ ಮೆಟ್ಟಿಕೊಂಡ. ಬಲಗಾಲಿನದು ಬಟ್ಟೆ ಸುತ್ತಿದ್ದಕ್ಕೆ ಸರಿಯಾಗಿ ಕೂರಲಿಲ್ಲ, ಬೆರಳಿಗೆ ಸಿಕ್ಕಿಸಿಕೊಂಡ. ಲಾರಿಯ ಮುಂದುಗಡೆಯಿಂದ, ಬಂಪರಿಗೆ ಕೈ ಊರುತ್ತ ಸುತ್ತುಹಾಕಿ ಎಡಗಡೆಯ ಬಾಗಿಲಿಗೆ ಬಂದ. ಅದನ್ನು ತೆರೆಯುವುದು ಅವನಿಗೆ ಗೊತ್ತಿರಲಿಲ್ಲವೋ ಏನೋ, ಹಿಡಿಕೆಯನ್ನು ಎರಡು ಸಲ ಜಗ್ಗಿದ. ಚಪ್ಪಲಿ ಬಿಡದೆಯೇ ಹತ್ತಿ ಕೂತ.

ನಸೀರುದ್ದೀನ ಶೆಡ್ಡಿನ ಬಾಗಿಲು ಎಳೆದು, ತನ್ನ ಚಪ್ಪಲಿ ಕಳಚಿ ಸೀಟಿನ ಹಿಂದೆ ಇಟ್ಟು, ಬ್ರೇಕ್ ತುಳಿದು ಕೀಲಿ ತಿರುವಿದ. ಎಂಜಿನ್ನು ಎದ್ದಿತು. ಮೆಹಬೂಬ ಏನೋ ತಮಾಷೆ ಕೂಗಲು ಬಾಯಿ ತೆರೆದವನು, ಕೂತವರನ್ನು ನೋಡಿ ಗ್ಲಾಸು ಒರೆಸತೊಡಗಿದ.

ಲಾರಿ ಸುರಪುರ ದಾಟಿತು. ಕಾಲುವೆಯ ಏರಿಗೆ ಬಂದಾಗ ಭಾಗಣ್ಣ, "ಇಲ್ಲಿ ಹಗೂರ," ಎಂದ. ಬದುವಿನಲ್ಲಿ ಬೆಳಿಗ್ಗೆ ಕಿತ್ತುಬಂದ ಮಣ್ಣು ಹಾಗೆಯೇ ಬಿದ್ದಿತ್ತು. ನಾಲ್ಕು ಹತ್ತಿ ಗಿಡ ಮುರಿದು ಅಡ್ಡಬಿದ್ದಿದ್ದವು. ಅವುಗಳ ಒಡೆದ ಕಾಯಿಗಳಲ್ಲಿ ಅರಳೆ ಮಾತ್ರ ಬೆಳ್ಳಗಿತ್ತು.

ಹೆಂಗಸರು ರಸ್ತೆಯ ಬದಿ ಬುತ್ತಿಯ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಕೂದಲು, ಸೆರಗು, ಹುಬ್ಬು ಎಲ್ಲಕ್ಕೂ ಹತ್ತಿಯ ಎಳೆ. ಸುಂದ್ರಮ್ಮ ಹಣೆಗೆ ಅರಿಶಿನ ಮೆತ್ತಿಕೊಂಡೇ ಎದ್ದು ಬಂದಳು.

"ಅಯ್ಯ ಇದೇನ್ ಮಾವ, ಇವತ್ತು ಸಾವುಕಾರನಂಗ ಈ ಕಡಿ ಕುಂತೀ?"

"ಡ್ರೈವರ್ ಇಟ್ಟೀನಿ ನೋಡು," ಎಂದ ಭಾಗಣ್ಣ. "ಮುದುಕ ಇದ್ದಾನ, ಆದ್ರ ನಿನ್ ಹಣಿ ಒಡ್ಯಾಂಗಿಲ್ಲ."

ಎಲ್ಲರೂ ನಗುತ್ತ ಹಿಂದೆ ಹತ್ತಿದರು. ಕಲ್ಪನಾ ನಗಲಿಲ್ಲ. ಬಲಗಡೆ ಬಂದು ನಸೀರುದ್ದೀನನ ಮುಖ ನೋಡಿದಳು.

"ಗಾಡಿ ಸರಿ ಆತೇನ್ರಿ ಅಣ್ಣಾ?"

"ಗಾಡಿ ಸರಿ ಅದ ತಂಗಿ," ಎಂದ ನಸೀರುದ್ದೀನ. "ನೀ ಮುಂದ ಬಂದು ಕುಂಡ್ರು."

ಅವಳು ಒಂದು ಗಳಿಗೆ ನಿಂತಳು. ಕಣ್ಣು ಗಂಡನ ಕಾಲಿನ ಬಟ್ಟೆಯ ಕಡೆ ಹೋಯಿತು. ಹಿಂದೆ ಹತ್ತಲು ಎತ್ತಿಕೊಂಡಿದ್ದ ಡಬ್ಬಿಯನ್ನು ಸುಂದ್ರಮ್ಮನ ಕೈಗೆ ಕೊಟ್ಟು, ಎಡಬಾಗಿಲಿನಿಂದ ಗಂಡನನ್ನು ದಾಟಿ ನಡುವೆ ಬಂದು ಒತ್ತಿಕೊಂಡು ಕೂತಳು. ಅವಳಿಂದ ಬಿಸಿಲಿನ, ಹತ್ತಿ ಎಲೆಯ ವಾಸನೆ ಬರುತ್ತಿತ್ತು. ಫಲಕದ ಮೇಲಿದ್ದ ಮುಳ್ಳನ್ನು ನೋಡಿದಳು.

ಬಿಸಿಲು ಇಳಿಯುತ್ತಿತ್ತು. ಹಿಂದೆ ಯಾರೋ ಹಾಡು ಎತ್ತಿದರು, ಉಳಿದವರು ಅರ್ಧಕ್ಕೆ ಸೇರಿಕೊಂಡರು. ಭಾಗಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ, ಕಣ್ಣು ರಸ್ತೆಯ ಮೇಲೆಯೇ. ದೂರದಲ್ಲಿ ಕುರಿ ಹಿಂಡು ಕಂಡರೆ ನಸೀರುದ್ದೀನನಿಗಿಂತ ಮೊದಲು ಅವನ ಕೈ ಮೊಣಕಾಲಿನ ಮೇಲೆ ಬಿಗಿಯಾಗುತ್ತಿತ್ತು.

ರಂಗಂಪೇಟೆಗೆ ಮೊದಲು ಶಾಲೆಯ ಮುಂದಿನ ಉಬ್ಬು ಬಂತು. ನಸೀರುದ್ದೀನ ಬ್ರೇಕ್ ತುಳಿದ. ಅದೇ ಗಳಿಗೆಯಲ್ಲಿ ಕಲ್ಪನಾಳ ಮಗ್ಗುಲಲ್ಲಿ ಭಾಗಣ್ಣನ ತೊಡೆ ಬಿಗಿಯಿತು, ಬಲಗಾಲು ಮುಂದೆ ಚಾಚಿ ಬರಿಯ ನೆಲವನ್ನು ಒತ್ತಿತು. ಲಾರಿ ಉಬ್ಬು ಹತ್ತಿ ಇಳಿಯಿತು. ಆ ಕಾಲಿನ ಚಪ್ಪಲಿ ಕಳಚಿ ಜಾರಿ ನಸೀರುದ್ದೀನನ ಪೆಡಲುಗಳ ಕಡೆ ಬಂತು.

ಕಲ್ಪನಾ ಬಗ್ಗಿ ಅದನ್ನು ಎತ್ತಿಕೊಂಡಳು. ಮಣ್ಣು ಕೊಡವಿ, ಬಟ್ಟೆ ಸುತ್ತಿದ ಪಾದವನ್ನು ಒಂದು ಕೈಯಿಂದ ಹಿಡಿದು ಮೇಲೆತ್ತಿ, ಬೆರಳಿಗೆ ಪಟ್ಟಿ ಸಿಕ್ಕಿಸಿ, ಮತ್ತೆ ನೆಲಕ್ಕೆ ಇಟ್ಟಳು.

ಭಾಗಣ್ಣ ಮುಂದಿನ ರಸ್ತೆಯನ್ನು ನೋಡುತ್ತಿದ್ದ. "ಎಡಕ್ಕ ತಗೋ ಉಸ್ತಾದ," ಎಂದ, "ಬಲಕ್ಕ ತಗ್ಗದ." ಅವಳ ಕೈ ಇನ್ನೂ ಅವನ ಪಾದದ ಮೇಲೆಯೇ ಇತ್ತು.